ಹೆಸರು ಕೂಗಿದರು, ಲೆಕ್ಕ ಬಯಲಾಯಿತು

ಸರ್ಕಾರದ ಲೆಕ್ಕ ನೋಡೋರು ಯಾರು? ಹೀಗೆ ಕೇಳಿದರೆ ಥಟ್ಟನೆ ಬರುವ ಉತ್ತರ ಒಂದೇ: ಸಿಎಜಿ. ಉತ್ತರ ತಪ್ಪೇನಲ್ಲ. ಸರ್ಕಾರಿ ಖರ್ಚಿನ ತಪಾಸಣೆ ನಮ್ಮಲ್ಲಿ ಇವತ್ತು ನಿನ್ನೆಯದ್ದಲ್ಲ. 1860ರಲ್ಲೇ ಬ್ರಿಟಿಷರು ಇದಕ್ಕಂತಲೇ ಒಬ್ಬ ಆಡಿಟರ್ ಜನರಲ್‌ನನ್ನು ಕೂರಿಸಿದ್ದರು. ಸ್ವತಂತ್ರ ಭಾರತದ ಸಂವಿಧಾನ 148ನೇ ವಿಧಿಯಲ್ಲಿ ಸಿಎಜಿಗೆ ಜಾಗ ಕೊಟ್ಟಿತು. ವರದಿ ಸದನಕ್ಕೆ ಬರುತ್ತದೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅಧಿಕಾರಿಗಳನ್ನು ಕರೆಸಿ ಪ್ರಶ್ನೆ ಕೇಳುತ್ತದೆ. ವ್ಯವಸ್ಥೆ ಅಚ್ಚುಕಟ್ಟಾಗೇ ಇದೆ.

ಆದರೆ ಒಂದು ತೊಡಕಿದೆ, ನೋಡಿ. ಆಡಿಟರ್ ಬಹುಮಟ್ಟಿಗೆ ನೋಡೋದು ಕಾಗದವನ್ನು. ಬಿಲ್ ಇದೆಯಾ? ವೋಚರ್ ಇದೆಯಾ? ಸಹಿ ಬಿದ್ದಿದೆಯಾ? ಮೊತ್ತ ತಾಳೆಯಾಗುತ್ತಾ? ಇದು ಕಳ್ಳನಿಗೂ ಗೊತ್ತು. ಅದಕ್ಕೇ ಅವನ ಕಾಗದಪತ್ರ ಪ್ರಾಮಾಣಿಕನದ್ದಕ್ಕಿಂತ ಚೆನ್ನಾಗಿರುತ್ತದೆ! ಹಾಜರಿ ಪಟ್ಟಿಯಲ್ಲಿರೋ ಹೆಬ್ಬೆಟ್ಟು ನಿಜಕ್ಕೂ ಯಾರದ್ದು ಅಂತ ರಾಜಧಾನಿಯಲ್ಲಿ ಕೂತ ಆಡಿಟರ್‌ಗೆ ಹೇಗೆ ಗೊತ್ತಾಗಬೇಕು? ಅದು ಗೊತ್ತಿರೋದು ಆ ಊರಿಗೆ. ಹಾಗಾದರೆ ಆ ಕಾಗದವನ್ನು ಊರಿನ ಮುಂದೆಯೇ ಓದಿದರೆ ಏನಾಗುತ್ತದೆ? ಇದನ್ನು ಮಾಡಿ ತೋರಿಸಿದವರು ಓದು ಬರಹ ಬಾರದ ಕೂಲಿಕಾರರು. ನಡೆದಿದ್ದು ರಾಜಸ್ಥಾನದಲ್ಲಿ.

ಮಧ್ಯ ರಾಜಸ್ಥಾನದ ರಾಜಸಮಂದ್, ಪಾಲಿ, ಅಜ್ಮೇರ್ ಜಿಲ್ಲೆಗಳು ಸೇರುವ ಸೀಮೆ. ಮಳೆ ಕೈಕೊಡೋದು ಅಲ್ಲಿ ಮಾಮೂಲು. ಬರ ಬಂದರೆ ಸರ್ಕಾರದ ಬರ ಪರಿಹಾರ ಕಾಮಗಾರಿಯೇ ಗತಿ. ರಸ್ತೆಗೆ ಮಣ್ಣು ಹಾಕು, ಕೆರೆ ಹೂಳೆತ್ತು, ಕೂಲಿ ತಗೋ. ಆದರೆ ಕನಿಷ್ಠ ಕೂಲಿ ಪೂರ್ತಿ ಕೈಗೆ ಬರುತ್ತಿರಲಿಲ್ಲ. ಬರ ಕಾಮಗಾರಿಯಲ್ಲೂ ಕನಿಷ್ಠ ಕೂಲಿ ಕೊಡಲೇಬೇಕು, ಕಡಿಮೆ ಕೊಟ್ಟರೆ ಅದು ಬಿಟ್ಟಿ ದುಡಿಮೆಗೆ ಸಮ ಅಂತ ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿಯಾಗಿತ್ತು. ಹೇಳಿದ್ದು ದೆಹಲಿಯಲ್ಲಿ ಉಳಿಯಿತು. ಹಳ್ಳಿಯಲ್ಲಿ ಬಂದ ಉತ್ತರ ಏನು ಗೊತ್ತಾ? ‘ನೀವು ಸರಿಯಾಗಿ ಕೆಲಸ ಮಾಡಿಲ್ಲ. ಅಳತೆ ಪುಸ್ತಕದಲ್ಲಿ ಹಾಗೇ ಇದೆ.’

ಸರಿ ಸ್ವಾಮಿ, ಆ ಪುಸ್ತಕ ತೋರಿಸಿ ಅಂದರೆ? ತೋರಿಸಲ್ಲ. ಅದು ಸರ್ಕಾರಿ ದಾಖಲೆ, ಗೋಪ್ಯ. ಬ್ರಿಟಿಷರು 1923ರಲ್ಲಿ ತಂದ ಅಧಿಕೃತ ರಹಸ್ಯ ಕಾಯ್ದೆ ಬೆಳೆಸಿದ ಸಂಸ್ಕೃತಿ ಅದು. ಗೂಢಚಾರರನ್ನು ಹಿಡಿಯೋಕೆ ಮಾಡಿದ ಕಾನೂನಿನ ನೆರಳು, ಮಣ್ಣು ಹೊತ್ತ ಹೆಂಗಸಿನ ಹಾಜರಿ ಪಟ್ಟಿಯ ಮೇಲೂ ಬಿದ್ದಿತ್ತು.

1968ರಲ್ಲಿ ಐಎಎಸ್ ಸೇರಿ 1975ರಲ್ಲಿ ಅದನ್ನು ಬಿಟ್ಟು ಬಂದ ಅರುಣಾ ರಾಯ್, ಅವರ ಜೊತೆ ನಿಖಿಲ್ ಡೇ, ಶಂಕರ್ ಸಿಂಗ್. 1987ರಲ್ಲಿ ಇವರು ದೇವಡೂಂಗರಿ ಅನ್ನೋ ಹಳ್ಳಿಗೆ ಬಂದು ಮಣ್ಣಿನ ಮನೆಯಲ್ಲಿ ನೆಲೆಸಿದರು. 1990ರ ಮೇ 1ರಂದು ಅಲ್ಲಿನ ರೈತರು, ಕೂಲಿಕಾರರ ಜೊತೆ ಸೇರಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಹುಟ್ಟಿತು. ಕೂಲಿಗಾಗಿ ಉಪವಾಸ ಕೂತರು, ಧರಣಿ ಮಾಡಿದರು. ಪ್ರತಿ ಸಲವೂ ಬಂದು ನಿಲ್ಲುತ್ತಿದ್ದಿದ್ದು ಒಂದೇ ಗೋಡೆಯ ಮುಂದೆ: ಕಾಗದ. ಕಾಗದ ಕೈಗೆ ಸಿಗುವವರೆಗೂ ನಾವು ಸುಳ್ಳರೇ ಅನ್ನೋದು ಕೂಲಿಕಾರರಿಗೆ ಅರ್ಥವಾಯಿತು.

1994ರ ಡಿಸೆಂಬರ್ 2. ಪಾಲಿ ಜಿಲ್ಲೆಯ ಕೋಟ್ ಕಿರಾನಾ. ಒಬ್ಬ ಒಳ್ಳೆಯ ಅಧಿಕಾರಿಯ ಸಹಕಾರದಿಂದ ಪಂಚಾಯಿತಿಯ ಕಾಮಗಾರಿ ದಾಖಲೆಗಳು ಸಿಕ್ಕಿದ್ದವು. ಊರ ಬಯಲಲ್ಲಿ ಜನ ಸೇರಿದರು. ಭಾಷಣ ಇಲ್ಲ, ಘೋಷಣೆ ಇಲ್ಲ. ಮೈಕ್ ಹಿಡಿದು ಹಾಜರಿ ಪಟ್ಟಿ ಓದಿದರು, ಅಷ್ಟೇ! ಇಂಥವರು ಇಷ್ಟು ದಿನ ಕೆಲಸ ಮಾಡಿದ್ದಾರೆ, ಇಷ್ಟು ಕೂಲಿ ಕೊಡಲಾಗಿದೆ. ಹೆಸರಿನವರು ಎದ್ದು ನಿಂತರು. ನಾನು ಆ ಕೆಲಸಕ್ಕೆ ಹೋಗೇ ಇಲ್ಲವಲ್ಲ! ಪೂರ್ಣಗೊಂಡಿದೆ ಅಂತ ಕಾಗದದಲ್ಲಿದ್ದ ಕಟ್ಟಡಕ್ಕೆ ಛಾವಣಿಯೇ ಇರಲಿಲ್ಲ. ಆಮೇಲೆ ಬೇರೆ ಬೇರೆ ಊರುಗಳಲ್ಲೂ ಇಂಥ ಜನಸುನವಾಯಿ, ಅಂದರೆ ಜನರ ವಿಚಾರಣೆ ನಡೆಯಿತು. ಎಲ್ಲೋ ವಲಸೆ ಹೋದವರ ಹೆಸರು, ಸತ್ತವರ ಹೆಸರು ಕೂಡ ಪಟ್ಟಿಯಲ್ಲಿ ಸಿಕ್ಕಿತು. ಲೆಕ್ಕಕ್ಕುಂಟು, ಆಟಕ್ಕಿಲ್ಲ ಅಂತೀವಲ್ಲ, ಅಕ್ಷರಶಃ ಅದೇ.

ಯೋಚನೆ ಮಾಡಿ. ಆಡಿಟರ್ ಕಣ್ಣಿಗೆ ಬೀಳದಿದ್ದ ಮೋಸ ಅನಕ್ಷರಸ್ಥರ ಕಿವಿಗೆ ಬಿತ್ತು. ಕಾರಣ, ಪಟ್ಟಿಯಲ್ಲಿದ್ದ ಹೆಸರಿಗೆ ಅಲ್ಲಿ ಮುಖ ಇತ್ತು.

ದಾಖಲೆ ಕೇಳೋಕೆ ಶುರು ಮಾಡಿದ ತಕ್ಷಣ ಪ್ರತಿರೋಧವೂ ಬಂತು. ಗ್ರಾಮಸೇವಕರು ದಾಖಲೆ ಕೊಡಲ್ಲ ಅಂತ ಮುಷ್ಕರ ಹೂಡಿದರು. 1995ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ವಿಧಾನಸಭೆಯಲ್ಲೇ ಭರವಸೆ ಕೊಟ್ಟರು: ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಸ್ಥಳೀಯ ಕಾಮಗಾರಿ ದಾಖಲೆಗಳ ಜೆರಾಕ್ಸ್ ಪಡೆಯಬಹುದು. ಒಂದು ವರ್ಷ ಕಳೆದರೂ ಆದೇಶ ಇಲ್ಲ. 1996ರ ಏಪ್ರಿಲ್ 6ರಂದು ಬ್ಯಾವರ್ ಪಟ್ಟಣದಲ್ಲಿ ಧರಣಿ ಶುರುವಾಯಿತು. ಧರಣಿಯ ಹೊತ್ತಿಗೆ ಸರ್ಕಾರ ಅವಸರದಲ್ಲಿ ಒಂದು ಆದೇಶ ಹೊರಡಿಸಿತು. ಅದರಲ್ಲಿ ಏನಿತ್ತು? ದಾಖಲೆ ನೋಡಬಹುದು, ಜೆರಾಕ್ಸ್ ಕೊಡಲ್ಲ! ಅಂದರೆ ಊಟದ ವಾಸನೆ ನೋಡಿ, ಎಲೆ ಮುಟ್ಟಬೇಡಿ. ಜನ ಏಳಲಿಲ್ಲ. 40 ದಿನ ಕೂತರು. ಊರಿನ ವ್ಯಾಪಾರಿಗಳು ತರಕಾರಿ ಕೊಟ್ಟರು. ‘ಹಮಾರಾ ಪೈಸಾ, ಹಮಾರಾ ಹಿಸಾಬ್’ ಅನ್ನೋ ಕೂಗು ಆ ಹೋರಾಟದ್ದೇ. ನಮ್ಮ ದುಡ್ಡು, ನಮಗೆ ಲೆಕ್ಕ.

1997ರಲ್ಲಿ ಜೈಪುರದಲ್ಲಿ ಇನ್ನೊಂದು ಧರಣಿ, 53 ದಿನ. ಕೊನೆಗೆ ಸರ್ಕಾರ ಹೇಳಿದ್ದನ್ನು ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಪಂಚಾಯಿತಿ ದಾಖಲೆಗಳ ನಕಲು ಪಡೆಯುವ ಹಕ್ಕನ್ನು ಆರು ತಿಂಗಳ ಹಿಂದೆಯೇ ಅಧಿಸೂಚನೆ ಹೊರಡಿಸಿ ಕೊಟ್ಟಿದ್ದೇವೆ ಅಂದರು ಉಪಮುಖ್ಯಮಂತ್ರಿ! ಮಾಹಿತಿ ಕೊಡುವ ಆದೇಶವನ್ನೇ ಗುಟ್ಟಾಗಿ ಇಟ್ಟಿದ್ದ ಸರ್ಕಾರ ಅದು. ಆದರೆ ಆದೇಶ ಕೆಲಸ ಮಾಡಿತು. 1998ರ ಹೊತ್ತಿಗೆ ಕೆಲವು ಸರಪಂಚರು ಜನರ ಮುಂದೆ ತಪ್ಪೊಪ್ಪಿಕೊಂಡು ಹಣ ವಾಪಸ್ ಕೊಟ್ಟರು.

ಆ ಕೂಗು ಒಂದು ರಾಜ್ಯದಲ್ಲಿ ನಿಲ್ಲಲಿಲ್ಲ. ತಮಿಳುನಾಡು ಮತ್ತು ಗೋವಾ 1997ರಲ್ಲಿ ಮಾಹಿತಿ ಕಾಯ್ದೆ ಮಾಡಿದವು. 2000ದಲ್ಲಿ ರಾಜಸ್ಥಾನ ಮಾಡಿತು, ಅದೇ ವರ್ಷ ನಮ್ಮ ಕರ್ನಾಟಕವೂ ಮಾಡಿತು. ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದಿದ್ದು 2005ರಲ್ಲಿ, ಪೂರ್ತಿ ಜಾರಿಯಾಗಿದ್ದು ಆ ವರ್ಷದ ಅಕ್ಟೋಬರ್ 12ರಂದು. 30 ದಿನದಲ್ಲಿ ಉತ್ತರ ಕೊಡಬೇಕು. ಸಕಾರಣ ಇಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ, ಗರಿಷ್ಠ 25,000 ರೂಪಾಯಿ ದಂಡ. ಅದೇ 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಸೆಕ್ಷನ್, ಕಾಮಗಾರಿಗಳ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಗ್ರಾಮಸಭೆಗೆ ವಹಿಸಿತು. ಅದರ ನಿಯಮಗಳು ಬಂದಿದ್ದು 2011ರಲ್ಲಿ, ಸಿಎಜಿ ಜೊತೆ ಸಮಾಲೋಚಿಸಿ. ಕೋಟ್ ಕಿರಾನಾದ ಬಯಲಲ್ಲಿ ಹುಟ್ಟಿದ ಪದ್ಧತಿಗೆ ದೇಶದ ಅತಿ ದೊಡ್ಡ ಆಡಿಟರ್ ಕೈಜೋಡಿಸಿದ ಹಾಗಾಯಿತು.

ಇಷ್ಟೆಲ್ಲ ಹಳೇ ಕಥೆ ಈಗ ಯಾಕೆ ಅಂತೀರಾ? ಕಾರಣ ಇದೆ.

ಮಾಹಿತಿ ಹಕ್ಕು ಕಾಯ್ದೆಯಲ್ಲಿ 8(1)(ಜೆ) ಅನ್ನೋ ಒಂದು ಕಲಂ ಇದೆ. ಸಾರ್ವಜನಿಕ ಚಟುವಟಿಕೆಗೆ ಸಂಬಂಧವೇ ಇಲ್ಲದ, ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿ ಕೊಡಬೇಕಿಲ್ಲ ಅಂತ ಅದು ಹೇಳುತ್ತಿತ್ತು. ಜೊತೆಗೆ ಒಂದು ಚಿನ್ನದಂಥ ಸಾಲು ಇತ್ತು: ಸಂಸತ್ತಿಗೆ, ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ. ಕೇಳೋ ವಿಷಯದಲ್ಲಿ ಕೂಲಿಕಾರನೂ ಶಾಸಕನೂ ಸಮ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಕಲಮನ್ನು ತಿದ್ದಿತು. ಷರತ್ತುಗಳೆಲ್ಲ ಹೋಗಿ ‘ವೈಯಕ್ತಿಕ ಮಾಹಿತಿ’ ಅನ್ನೋದಷ್ಟೇ ಉಳಿಯಿತು. ಆ ಚಿನ್ನದ ಸಾಲೂ ಹೋಯಿತು.

ಖಾಸಗಿತನವೂ ಜನರ ಹಕ್ಕೇ, ಒಪ್ಪೋಣ. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೂಲಭೂತ ಹಕ್ಕು ಅಂತ ಸಾರಿದೆ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದು ಅನ್ನೋ 8(2) ಇನ್ನೂ ಇದೆಯಲ್ಲ ಅನ್ನೋದು ಸರ್ಕಾರದ ವಾದ. ಇದೆ, ನಿಜ. ಆದರೆ ಸಾರ್ವಜನಿಕ ಹಿತ ಎಷ್ಟು ದೊಡ್ಡದು ಅಂತ ಮೊದಲು ತೂಗೋನು ಯಾರು? ಯಾವ ಇಲಾಖೆಯ ಲೆಕ್ಕ ಕೇಳಿದ್ದೀವೋ ಅದೇ ಇಲಾಖೆಯ ಅಧಿಕಾರಿ. ಹಾಜರಿ ಪಟ್ಟಿಯ ಹೆಸರು ವೈಯಕ್ತಿಕ ಮಾಹಿತಿ. ಗುತ್ತಿಗೆದಾರನ ಹೆಸರು ವೈಯಕ್ತಿಕ ಮಾಹಿತಿ. ಬಿಲ್‌ಗೆ ಸಹಿ ಹಾಕಿದ ಎಂಜಿನಿಯರ್ ಹೆಸರೂ ವೈಯಕ್ತಿಕ ಮಾಹಿತಿ. ಹೆಸರಿಗೆಲ್ಲ ಕಪ್ಪು ಬಳಿದು ಬರೀ ಮೊತ್ತ ಕೊಟ್ಟರೆ, ಕೋಟ್ ಕಿರಾನಾದಲ್ಲಿ ಎದ್ದು ನಿಲ್ಲೋರು ಯಾರು?

ಮೊತ್ತ ಸುಳ್ಳು ಹೇಳಬಹುದು. ಅದು ಸುಳ್ಳು ಅಂತ ಸಾಬೀತು ಮಾಡೋದು ಹೆಸರು. ಇಡೀ ಚರಿತ್ರೆ ಕಲಿಸೋ ಪಾಠ ಇಷ್ಟೇ.

ಹಾಗಾಗಿ ನನ್ನದೊಂದು ವಿನಂತಿ. ನಿಮ್ಮೂರಿನ ಗ್ರಾಮಸಭೆಗೆ ಹೋಗಿ. ಕಾಮಗಾರಿಯ ಒಟ್ಟು ಖರ್ಚು ಓದಿ ‘ಎಲ್ಲರೂ ಒಪ್ಪಿದ್ದಾರೆ’ ಅಂತ ಬರೆದುಕೊಂಡರೆ ಸುಮ್ಮನಿರಬೇಡಿ. ಯಾರಿಗೆ ಎಷ್ಟು ಕೊಟ್ಟಿರಿ, ಹೆಸರು ಓದಿ ಅಂತ ಕೇಳಿ. ಗಟ್ಟಿಯಾಗಿ ಓದಿಸಿ. ಓದಿದ ಮೇಲೆ ಯಾರು ಏಳುತ್ತಾರೆ, ಯಾರು ತಲೆ ತಗ್ಗಿಸುತ್ತಾರೆ ಅಂತ ನೀವೇ ನೋಡುತ್ತೀರಿ.