ನೀಲಿ ಪರದೆಯ ಹಿಂದೆ ಯಾರು?

ಕಂಪ್ಯೂಟರ್ ಚರಿತ್ರೆ | ಭಾಗ 7 💻

ಗೆಳೆಯರೇ, 2024ರ ಜುಲೈ 19 ನೆನಪಿದೆಯಾ? ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9:39. ಅಲ್ಲಿಂದ ಶುರುವಾಗಿ ದೇಶ ದೇಶಗಳಲ್ಲಿ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಬಿದ್ದುಹೋದವು. ರೀಸ್ಟಾರ್ಟ್ ಮಾಡಿದ್ರೆ ಮತ್ತೆ ನೀಲಿ. ಮತ್ತೆ ರೀಸ್ಟಾರ್ಟ್, ಮತ್ತೆ ನೀಲಿ.

ವಿಮಾನಗಳು ರದ್ದಾದವು. ಬ್ರಿಟನ್ನಿನಲ್ಲಿ ಸ್ಕೈ ನ್ಯೂಸ್ ಪ್ರಸಾರವೇ ನಿಂತಿತ್ತು, ಡಾಕ್ಟರ್‌ಗಳಿಗೆ ರೋಗಿಗಳ ದಾಖಲೆ ಸಿಗ್ತಿರಲಿಲ್ಲ. ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲಿ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ರು. ಮೈಕ್ರೋಸಾಫ್ಟ್ ಆಮೇಲೆ ಕೊಟ್ಟ ಅಂದಾಜು: 85 ಲಕ್ಷ ಯಂತ್ರಗಳು.

🔍 ಮೊದಲ ಗುಮಾನಿಗಳು

"ಸೈಬರ್ ದಾಳಿ!" ಅಂದ್ರು ಕೆಲವರು. "ಮೈಕ್ರೋಸಾಫ್ಟ್ ಕೈಕೊಟ್ತು" ಅಂದ್ರು ಇನ್ನು ಕೆಲವರು. ಎರಡನೆಯದನ್ನು ನಂಬೋಕೆ ಕಾರಣವೂ ಇತ್ತು. ಸ್ವಲ್ಪ ಗಂಟೆಗಳ ಹಿಂದಷ್ಟೇ ಅಮೆರಿಕದಲ್ಲಿ ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್‌ನ ಒಂದು ಭಾಗ ಕೆಟ್ಟಿತ್ತು. ಎರಡು ಬೇರೆ ಬೇರೆ ತೊಂದರೆಗಳು ಒಂದರ ಬೆನ್ನಿಗೆ ಒಂದು ಬಂದಿದ್ರಿಂದ ಜನ ಎರಡನ್ನೂ ಒಂದೇ ಅಂದುಕೊಂಡ್ರು.

ಆದರೆ ಗಮನಿಸಿ ನೋಡಿದವರಿಗೆ ಸುಳಿವು ಕಣ್ಣೆದುರೇ ಇತ್ತು. ಮನೆಗಳಲ್ಲಿರೋ ವಿಂಡೋಸ್ ಕಂಪ್ಯೂಟರ್‌ಗಳು ಆರಾಮಾಗಿ ನಡೀತಿದ್ವು. ಬಿದ್ದ ಯಂತ್ರಗಳಲ್ಲೆಲ್ಲ ಇದ್ದದ್ದು ಒಂದೇ: ಕ್ರೌಡ್‌ಸ್ಟ್ರೈಕ್ ಕಂಪನಿಯ ಫಾಲ್ಕನ್ ಅನ್ನೋ ಸೆಕ್ಯುರಿಟಿ ಸಾಫ್ಟ್‌ವೇರ್. ಅದೇ ಫಾಲ್ಕನ್ ಇದ್ದ ಮ್ಯಾಕ್, ಲಿನಕ್ಸ್ ಯಂತ್ರಗಳಿಗೆ ಏನೂ ಆಗಿರಲಿಲ್ಲ. ಅಂದ್ರೆ ವಿಂಡೋಸ್ ಮಾತ್ರ ಇದ್ರೆ ತೊಂದ್ರೆ ಇಲ್ಲ, ಫಾಲ್ಕನ್ ಮಾತ್ರ ಇದ್ರೂ ತೊಂದ್ರೆ ಇಲ್ಲ. ಎರಡೂ ಸೇರಿದಾಗ ಮಾತ್ರ.

🧾 ಡಂಪ್ ಹೇಳಿದ ಕಥೆ

ವಿಂಡೋಸ್ ಬೀಳುವ ಮುಂಚೆ ತನ್ನ ನೆನಪಿನ ಒಂದಷ್ಟು ಭಾಗವನ್ನು ಡಿಸ್ಕ್‌ಗೆ ಬರೆದಿಡುತ್ತೆ. ಅದೇ ಕ್ರ್ಯಾಶ್ ಡಂಪ್. ವಿನ್‌ಡಿಬಗ್ ಅನ್ನೋ ಟೂಲ್‌ನಲ್ಲಿ ಅದನ್ನು ತೆರೆದ್ರೆ ಕೊನೇ ಕ್ಷಣದಲ್ಲಿ ಯಾವ ಕೋಡ್ ಓಡ್ತಿತ್ತು ಅಂತ ಗೊತ್ತಾಗುತ್ತೆ. ಅಲ್ಲಿ ಕಂಡ ಹೆಸರು ಸಿಎಸ್‌ಏಜೆಂಟ್, ಫಾಲ್ಕನ್‌ನ ಡ್ರೈವರ್. ಅದು ತನಗೆ ಸೇರದ ಮೆಮೊರಿ ಜಾಗವನ್ನು ಓದಲು ಹೋಗಿತ್ತು.

ಒಂದು ತಪ್ಪು ಓದಿಗೆ ಇಡೀ ಯಂತ್ರ ಯಾಕೆ ಬೀಳಬೇಕು? ಬಸ್ಸಿನಲ್ಲಿ ಪ್ರಯಾಣಿಕನಿಗೆ ತಲೆಸುತ್ತು ಬಂದ್ರೆ ಅವನನ್ನು ಇಳಿಸಿ ಬಸ್ ಮುಂದೆ ಹೋಗಬಹುದು. ಸ್ಟೇರಿಂಗ್ ಹಿಡಿದವನಿಗೇ ಬಂದ್ರೆ? ಬಸ್ ನಿಲ್ಲಲೇಬೇಕು. ನಾವು ಬಳಸೋ ಆ್ಯಪ್‌ಗಳು ಪ್ರಯಾಣಿಕರು. ಫಾಲ್ಕನ್ ಡ್ರೈವರ್ ಕೂತಿದ್ದು ಕರ್ನಲ್‌ನಲ್ಲಿ, ಅಂದ್ರೆ ಸ್ಟೇರಿಂಗ್ ಹತ್ತಿರ. ವೈರಸ್‌ಗಳು ಆಳದಲ್ಲಿ ಅಡಗ್ತವೆ, ಅವನ್ನು ಹಿಡಿಯೋನೂ ಆಳಕ್ಕೆ ಇಳೀಬೇಕು ಅನ್ನೋದು ಅದಕ್ಕೆ ಕೊಟ್ಟ ಕಾರಣ. ವಿಂಡೋಸ್ ಏಳುವಾಗಲೇ ಈ ಡ್ರೈವರ್ ಕೂಡ ಏಳುತ್ತೆ. ಹಾಗಾಗಿಯೇ ರೀಸ್ಟಾರ್ಟ್ ಮಾಡಿದಷ್ಟೂ ಸಲ ಅದೇ ನೀಲಿ.

⚠️ 20 ಮತ್ತು 21

ವಿಚಿತ್ರ ಅಂದ್ರೆ, ಅವತ್ತು ಡ್ರೈವರ್ ಬದಲಾಗಿರಲೇ ಇಲ್ಲ! ಬದಲಾಗಿದ್ದು ಅದು ಓದೋ ಒಂದು ಚಿಕ್ಕ ಮಾಹಿತಿ ಫೈಲ್, ಚಾನೆಲ್ ಫೈಲ್ 291. ಹೊಸ ದಾಳಿಗಳನ್ನು ಗುರುತಿಸೋ ನಿಯಮಗಳು ಅದರಲ್ಲಿರ್ತವೆ. ಆಗಸ್ಟ್ 6ರಂದು ಕಂಪನಿಯೇ ಕೊಟ್ಟ ವರದಿಯ ಪ್ರಕಾರ, ನಿಯಮಗಳ ನಮೂನೆಯಲ್ಲಿ 21 ಅಂಶಗಳಿದ್ವು, ಕೋಡ್ ಒದಗಿಸ್ತಿದ್ದದ್ದು 20. ಹಿಂದಿನ ಫೈಲ್‌ಗಳಲ್ಲಿ 21ನೆಯದಕ್ಕೆ "ಏನಿದ್ರೂ ಸರಿ" ಅಂತ ಬರೆದಿತ್ತು, ಹಾಗಾಗಿ ಯಾರೂ ಅದನ್ನು ಓದಲು ಹೋಗಲಿಲ್ಲ. ತಪ್ಪು ತಿಂಗಳುಗಟ್ಟಲೆ ಮಲಗಿತ್ತು. ಜುಲೈ 19ರ ಫೈಲ್ ಮೊದಲ ಸಲ 21ನೆಯದನ್ನು ನಿಜವಾಗಿ ಕೇಳಿತು. ಅಲ್ಲಿ ಏನೂ ಇರಲಿಲ್ಲ.

ಆ ಫೈಲನ್ನು ಪರೀಕ್ಷಿಸೋ ಸಾಫ್ಟ್‌ವೇರ್ ಕೂಡ 21 ಇದೆ ಅಂತಲೇ ನಂಬಿತ್ತು. ಮೊದಲು ಕೆಲವೇ ಯಂತ್ರಗಳಿಗೆ ಕಳಿಸಿ ನೋಡೋ ಪದ್ಧತಿ ಇಂಥ ಫೈಲ್‌ಗಳಿಗೆ ಇರಲಿಲ್ಲ. 78 ನಿಮಿಷದಲ್ಲಿ ಕಂಪನಿ ಫೈಲ್ ಹಿಂತೆಗೆದುಕೊಂಡ್ತು. ಆದರೆ ಬಿದ್ದ ಯಂತ್ರ ಹೊಸ ಫೈಲ್ ಪಡೆಯೋದಾದ್ರೂ ಹೇಗೆ?

🛠️ ಹಾಗಾಗಿ ಐಟಿ ಸಿಬ್ಬಂದಿ ಒಂದೊಂದೇ ಯಂತ್ರದ ಮುಂದೆ ಕೂತರು. ಸೇಫ್ ಮೋಡ್‌ಗೆ ಹೋಗಿ ಆ ಫೈಲ್ ಅಳಿಸಬೇಕು. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದ್ರೆ ಮೊದಲು 48 ಅಂಕಿಗಳ ಕೀ ಟೈಪ್ ಮಾಡಬೇಕು. ಲಕ್ಷಾಂತರ ಯಂತ್ರಗಳಿಗೆ! ಅವರ ಆ ವಾರಾಂತ್ಯವನ್ನು ಊಹಿಸಿಕೊಳ್ಳಿ.

ಆಮೇಲೆ ಕ್ರೌಡ್‌ಸ್ಟ್ರೈಕ್ ಹಂತಹಂತವಾಗಿ ಫೈಲ್ ಕಳಿಸೋ ಕ್ರಮ ತಂದಿತು. ಸೆಕ್ಯುರಿಟಿ ಸಾಫ್ಟ್‌ವೇರ್‌ಗಳನ್ನು ಕರ್ನಲ್‌ನಿಂದ ಹೊರಗೆ ಕೂರಿಸೋ ವ್ಯವಸ್ಥೆ ಬರ್ತಿದೆ ಅಂತ ಮೈಕ್ರೋಸಾಫ್ಟ್ 2025ರ ಜೂನ್‌ನಲ್ಲಿ ಪ್ರಕಟಿಸಿತು. ಜೊತೆಗೆ ನೀಲಿ ಪರದೆಗೆ ಕಪ್ಪು ಬಣ್ಣ!

📌 ನಿಮ್ಮ ಲ್ಯಾಪ್‌ಟಾಪ್ ಹೀಗೆ ಬಿದ್ರೆ: ಪರದೆಯಲ್ಲಿರೋ ಸ್ಟಾಪ್ ಕೋಡ್ ಫೋಟೋ ತೆಗೆಯಿರಿ. ಹಿಂದಿನ ದಿನ ಏನು ಅಪ್‌ಡೇಟ್ ಆಯ್ತು ಅಂತ ಬರೆದಿಡಿ. ವಿಂಡೋಸ್ ಫೋಲ್ಡರ್ ಒಳಗಿನ ಮಿನಿಡಂಪ್ ಫೈಲ್ ಜೋಪಾನ ಮಾಡಿ. ಬಿಟ್‌ಲಾಕರ್ ಕೀ ಎಲ್ಲಿದೆ ಅಂತ ಇವತ್ತೇ ನೋಡ್ಕೊಳ್ಳಿ. ಫಾರ್ಮ್ಯಾಟ್ ಮಾಡೋದು ಕೊನೇ ದಾರಿ. ಮಾಡಿದ್ರೆ ಸಾಕ್ಷಿಯೂ ಅಳಿಸಿಹೋಗುತ್ತೆ.

ಮುಂದಿನ ಭಾಗ: 2010ರ ಏಪ್ರಿಲ್‌ನಲ್ಲಿ ಮ್ಯಾಕಫೀ ಆ್ಯಂಟಿವೈರಸ್ ವಿಂಡೋಸ್ ಎಕ್ಸ್‌ಪಿಯ ಒಂದು ಫೈಲನ್ನೇ ವೈರಸ್ ಅಂದುಕೊಂಡ ಕಥೆ. ಸೇವ್ ಮಾಡ್ಕೊಳ್ಳಿ 👇

#ಕಂಪ್ಯೂಟರ್‌ಚರಿತ್ರೆ #ನೀಲಿಪರದೆ #ಕನ್ನಡದಲ್ಲಿತಂತ್ರಜ್ಞಾನ