ಸಾವಂದಿ ವೀರಭದ್ರನ ಕೋಟೆ

ಸಾವಂದುರ್ಗಕ್ಕೆ ಈಗ ಬೆಟ್ಟ ಹತ್ತಲೆಂದೇ ಬರುವವರು ಹೆಚ್ಚು. ಕೈಲಾಂಚ ಊರಿನ ನಮ್ಮ ಮನೆಯವರಿಗೆ ಮಾತ್ರ ಮೊದಲು ಬೆಟ್ಟದ ಬುಡದ ಗುಡಿಯ ವೀರಭದ್ರಸ್ವಾಮಿ, ಆಮೇಲೆ ಬೆಟ್ಟ. ಮನೆಯಲ್ಲಿ ಯಾರಿಗೆ ಏನೇ ಆಗಲಿ, ಅಜ್ಜಿ ಸಾವಂದಿ ವೀರಭದ್ರನಿಗೇ ಹರಕೆ ಹೊರುತ್ತಿದ್ದರು.

ದಕ್ಷನ ಯಜ್ಞ ಕೆಡಿಸಲು ಶಿವನ ಜಡೆಯಿಂದ ಹುಟ್ಟಿಬಂದ ದೇವರು ಇವನು. ಶಿಲ್ಪಿಗಳು ಅವನ ಕೈಗೆ ಕತ್ತಿ, ಗುರಾಣಿ, ಬಿಲ್ಲು, ಬಾಣ ಕೊಟ್ಟು, ಪಕ್ಕದಲ್ಲಿ ಕುರಿತಲೆಯ ದಕ್ಷನನ್ನು ನಿಲ್ಲಿಸುತ್ತಾರೆ. ಕೋಟೆಯ ಬುಡಕ್ಕೆ ಇದಕ್ಕಿಂತ ತಕ್ಕ ದೇವರಿಲ್ಲ. ಕಾಳಗಕ್ಕೆ ಹೊರಟವನು ಬೇರೆ ಯಾರಿಗೆ ಕೈಮುಗಿದಾನು?

1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರನ್ನು ಹಿಡಿದ ಮೇಲೆ ಕೆಂಪೇಗೌಡರ ಮನೆತನ ಮಾಗಡಿಯಲ್ಲಿ ನೆಲೆ ನಿಂತಿತು. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಸಾವಂದುರ್ಗದ ಈ ಬಂಡೆಯೇ ಅವರಿಗೆ ಆಸರೆ. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಅದನ್ನೂ ಗೆದ್ದರು. ಕೊನೆಯ ಗೌಡರು ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡರು. ಬೆಂಗಳೂರು ಕಟ್ಟಿದ ಮನೆತನಕ್ಕೆ ಇಂಥ ಕೊನೆ ಬರಬಾರದಿತ್ತು.

ಮುಂದೆ ಮೈಸೂರಿನ ಟಿಪ್ಪುವಿನ ಕಾಲಕ್ಕೆ ಕೋಟೆಯ ಸುತ್ತಲೂ ದಟ್ಟ ಬಿದಿರುಮೆಳೆ, ಅದರೊಳಗೆ ಚಳಿಜ್ವರದ ಕಾಟ. ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣಕ್ಕೆ ನುಗ್ಗಬೇಕಿದ್ದ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್‌ಗೆ ಬೆಂಗಳೂರಿನಿಂದ ದಂಡಿಗೆ ದವಸ ಬರುವ ದಾರಿ ಭದ್ರವಾಗಬೇಕಿತ್ತು. ಈ ಕೋಟೆಯನ್ನು ಬೆನ್ನಿಗಿಟ್ಟುಕೊಂಡು ಮುಂದೆ ಹೋಗುವಂತಿರಲಿಲ್ಲ. ಬ್ರಿಟಿಷರು ಮೆಳೆ ಕಡಿದು, ದೊಡ್ಡ ಫಿರಂಗಿಗಳನ್ನು ಎಳೆದು ತಂದು ಗೋಡೆ ಒಡೆದರು. 1791ರ ಡಿಸೆಂಬರ್ 21ರಂದು ಹಾಡಹಗಲೇ ಬ್ಯಾಂಡ್ ಬಾರಿಸುತ್ತ ಹತ್ತಿ, ಒಂದು ಗಂಟೆಯೊಳಗೆ ಕೋಟೆ ಹಿಡಿದರು. ಓಡಿದ ಕಾವಲಿನವರಲ್ಲಿ ಎಷ್ಟೋ ಮಂದಿ ಕೊರಕಲಿಗೆ ಬಿದ್ದು ಸತ್ತರು. ಆ ನುಣ್ಣನೆ ಬಂಡೆಯ ಮೇಲೆ ಅಂಗಾಲು ಊರಿ ಹತ್ತಿದವರಿಗೆ ಅದು ಎಂಥ ಸಾವೆಂದು ಹೇಳಬೇಕಿಲ್ಲ.

ಗೆದ್ದವರ ಕಡೆಯ ಚಿತ್ರಕಾರ ರಾಬರ್ಟ್ ಹೋಮ್ ಸಾವಂದುರ್ಗದ ಚಿತ್ರಗಳನ್ನು ಬರೆದ. 1794ರಲ್ಲಿ ಅವು ಪುಸ್ತಕವಾಗಿ ಬಂದವು. ಸತ್ತ ಕಾವಲಿನವರ ನೆನಪು ಉಳಿಯುವುದಾದರೆ ಗುಡಿಯಲ್ಲೇ ಉಳಿಯಬೇಕು ಎಂಬುದು ನನ್ನ ನಂಬಿಕೆ.

ಕಾದಾಡುವವರ ನೆನಪನ್ನು ಗುಡಿ ಉಳಿಸಿಕೊಳ್ಳುವುದು ಬೇರೆಡೆಯೂ ಉಂಟು. ಜಪಾನಿನ ಕಾಮಾಕುರದಲ್ಲಿ, ಸಮುರಾಯಿಗಳ ದೇವರು ಹಚಿಮನ್‌ನ ಗುಡಿಯೆದುರು, ಇಂದಿಗೂ ಕುದುರೆ ಓಡಿಸುತ್ತ ಬಾಣ ಬಿಡುವ ಸೇವೆ ನಡೆಯುತ್ತದೆ. ನಮ್ಮಲ್ಲಿ ವೀರಭದ್ರನ ಮುಂದೆ ಅಂಥ ಸೇವೆ ವೀರಗಾಸೆ ಕುಣಿತದವರದು. ಕಾವಿ ಬಟ್ಟೆ, ಬಿಳಿ ಚವರಿಯ ಜಡೆ, ಸೊಂಟಕ್ಕೆ ಕಟ್ಟಿದ ವೀರಭದ್ರನ ಹಲಗೆ, ಕಾಲಿಗೆ ಗೆಜ್ಜೆ, ಕೈಯಲ್ಲಿ ಬಿಚ್ಚುಗತ್ತಿ. ಸಂಬಾಳ ವಾದ್ಯದ ಪೆಟ್ಟು ಬಿರುಸಾದಂತೆ ಹೆಜ್ಜೆಯೂ ಬಿರುಸು. ನಡುವೆ ವಾದ್ಯ ನಿಲ್ಲಿಸಿ, ಒಬ್ಬ ಮುಂದೆ ಬಂದು ದಕ್ಷಯಜ್ಞದ ಒಡಪು ಹೇಳುತ್ತಾನೆ. ಬೆಟ್ಟ ಹತ್ತಲು ಬರುವ ಮಕ್ಕಳಿಗೆ ಒಮ್ಮೆಯಾದರೂ ಅದನ್ನು ತೋರಿಸಿ, ಆಮೇಲೆ ಮೇಲಿನ ನಂದಿ ಮಂಟಪಕ್ಕೆ ಕರೆದೊಯ್ಯಿರಿ. ದಾರಿಯಲ್ಲಿ ಸಿಗುವ ಕೋಟೆಗೋಡೆಗಳ ಬಳಿ ನಿಂತು 1728, 1791ರ ಕಥೆ ಹೇಳಿ.