ಮನ್ರೋಲಪ್ಪನ ಕುದುರೆ

ಮದರಾಸಿಗೆ ಬಂದ ಹೊಸದರಲ್ಲಿ ನನಗೆ ದಾರಿ ತಪ್ಪದಂತೆ ಕಾಯುತ್ತಿದ್ದ ಗುರುತು ಅಂದರೆ ಕುದುರೆ ಮೇಲೆ ಕೂತ ಒಬ್ಬ ದೊರೆ. ಪ್ಯಾರಿಸ್ ಕಾರ್ನರಿನಿಂದ ಮೌಂಟ್ ರೋಡಿನ ಕಡೆ ಹೊರಟ ಬಸ್ಸು ಕೋಟೆ ದಾಟಿ ಕೂವಂ ನದಿಯ ನಡುಗಡ್ಡೆಗೆ ಬರುತ್ತದೆ. ಅದಕ್ಕೆ ಇಲ್ಲಿಯವರು ತೀವು ತಿಡಲ್ ಅನ್ನುತ್ತಾರೆ. ಅಲ್ಲಿ ರಸ್ತೆಯ ನಟ್ಟನಡುವೆ ಎತ್ತರದ ಕಲ್ಲುಕಟ್ಟೆಯ ಮೇಲೆ ಕಂಚಿನ ಕುದುರೆ, ಅದರ ಮೇಲೆ ದೊರೆ. "ಮನ್ರೋ ಸಿಲೈ" ಅಂತ ಕಂಡಕ್ಟರ್ ಕೂಗಿದ್ದನ್ನು ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಯಾಕೆಂದರೆ ಅಲ್ಲಿಯವರೆಗೆ ಮನ್ರೋ ಅನ್ನುವವನು ನನ್ನ ಅಜ್ಜಿಯ ಕತೆಯೊಳಗಿನ ಮನುಷ್ಯ. ಅವನಿಗೊಂದು ಪ್ರತಿಮೆ ಇರಬಹುದು, ಅದೂ ಮದರಾಸಿನಲ್ಲಿ, ಅಂತ ನನಗೆ ಹೊಳೆದೇ ಇರಲಿಲ್ಲ.

ನಮ್ಮದು ಬಳ್ಳಾರಿ ಸೀಮೆ. ಅಜ್ಜಿ ಗುರುವಾರ ತಪ್ಪದೆ ರಾಯರ ಕತೆ ಹೇಳುತ್ತಿದ್ದಳು. "ಮಠದ ಜಮೀನು ಕಸಗೊಳ್ಳಾಕ ಅಂತ ಮನ್ರೋ ದೊರಿ ಮಂತ್ರಾಲಯಕ್ಕ ಬಂದ. ಬೂಟು ಬಿಚ್ಚಿ, ಟೋಪಿ ತೆಗದು ಒಳಗ ಹೋದ. ರಾಯರು ಬೃಂದಾವನದಿಂದ ಎದ್ದು ಬಂದು ಅವನ ಕೂಡ ಮಾತಾಡಿದ್ರು. ಸುತ್ತ ನಿಂತವ್ರಿಗೆ ದೊರಿ ಮಾತಷ್ಟ ಕೇಳತಿತ್ತು, ರಾಯರ ಮಾತು ಕೇಳತಿದ್ದಿಲ್ಲ." ಜಮೀನು ಮಠಕ್ಕೇ ಉಳಿಯಿತು ಅನ್ನುವಲ್ಲಿಗೆ ಕತೆ ಮುಗಿಯಬೇಕು. ಅಜ್ಜಿಯದು ಮಾತ್ರ ಒಂದು ನಿಟ್ಟುಸಿರಿನಲ್ಲಿ ಮುಗಿಯುತ್ತಿತ್ತು: "ಆ ದೊರಿಗೆ ಕಂಡ್ರು, ನಮಗ್ಯಾಕ ಕಾಣಂಗಿಲ್ಲೋ."

ಕತೆ ಹೇಳುವವರು ಇಸವಿಯನ್ನು ತಮಗೆ ತೋಚಿದಂತೆ ಬದಲಾಯಿಸುತ್ತಾರೆ. ಕೆಲವರು ಹೇಳುವ ವರ್ಷದಲ್ಲಿ ಮನ್ರೋ ಈ ದೇಶದಲ್ಲೇ ಇರಲಿಲ್ಲ. ಅವನು ನಮ್ಮ ಸೀಮೆಗೆ ಕಲೆಕ್ಟರ್ ಆಗಿದ್ದದ್ದು 1800ರಿಂದ 1807ರವರೆಗೆ. ಇರಲಿ, ಅಜ್ಜಿಗೆ ಇಸವಿ ಬೇಕಾಗಿರಲಿಲ್ಲ.

ತಮಿಳುನಾಡಿನಲ್ಲಿ ಬದುಕಲು ಬಂದ ಕನ್ನಡದವರಿಗೆ ಮೊದಲು ತೊಂದರೆ ಕೊಡುವುದು ಅನ್ನ, ನೀರು, ಬಿಸಿಲು ಯಾವುದೂ ಅಲ್ಲ, ಹೆಸರು. "ಇನಿಷಿಯಲ್ ಎನ್ನ ಸಾರ್?" ಅಂತ ಎಲ್ಲೆಡೆ ಕೇಳುತ್ತಾರೆ. ಇಲ್ಲಿ ಇನಿಷಿಯಲ್ ಅಂದರೆ ಸಾಮಾನ್ಯವಾಗಿ ಅಪ್ಪನ ಹೆಸರಿನ ಒಂದಕ್ಷರ. ನಮ್ಮಲ್ಲಿ ಊರು, ಅಪ್ಪ, ಮನೆತನ ಎಲ್ಲ ಸೇರಿ ಮೂರು ಮೂರು ಅಕ್ಷರ. ನನ್ನ ಊರು ಒಂದು ಕಾಗದದಲ್ಲಿ ಅಪ್ಪನಾಯಿತು, ಇನ್ನೊಂದರಲ್ಲಿ ಮಾಯವಾಯಿತು. ಹೀಗೆ ಹೆಸರಿನ ವಿಷಯದಲ್ಲಿ ಮನಸ್ಸು ಸ್ವಲ್ಪ ಗಾಯಗೊಂಡಿದ್ದ ಕಾಲದಲ್ಲೇ ನಾನು ಎಗ್ಮೋರಿನ ಕನ್ನಿಮರಾ ಗ್ರಂಥಾಲಯಕ್ಕೆ ಮನ್ರೋನನ್ನು ಹುಡುಕಿಕೊಂಡು ಹೋದದ್ದು. ಒಬ್ಬನನ್ನು ಹುಡುಕಿದರೆ ಒಂದು ದಂಡೇ ಸಿಕ್ಕಿತು.

ಮನ್ರೋ ಅನ್ನುವುದು ಸ್ಕಾಟ್ಲೆಂಡಿನ ಉತ್ತರ ಭಾಗದ ಒಂದು ಕುಲದ ಹೆಸರು. ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಬರುವ ಹಾಗೆ ಅವರಲ್ಲೂ ಹೆಕ್ಟರ್, ಹ್ಯೂ, ಜಾನ್ ಅಂತ ಅವೇ ಹೆಸರುಗಳು ತಿರುಗಿ ತಿರುಗಿ ಬರುತ್ತವೆ. ಮೊದಲು ಸಿಕ್ಕವನು ಹೆಕ್ಟರ್ ಮನ್ರೋ. 1764ರ ಬಕ್ಸಾರ್ ಯುದ್ಧ ಗೆದ್ದವನು ಅಂತ ಶಾಲೆಯಲ್ಲಿ ಓದಿದ್ದೆ. ಅದೇ ಹೆಕ್ಟರ್ 1780ರಲ್ಲಿ ಮದರಾಸಿನ ಸೇನಾಪತಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಹೈದರಾಲಿ ಮತ್ತು ಟಿಪ್ಪು ಪೊಲ್ಲಿಲೂರಿನಲ್ಲಿ ಬೇಯ್ಲಿಯ ತುಕಡಿಯನ್ನು ನುಚ್ಚುನೂರು ಮಾಡುವಾಗ ಈತ ಕೆಲವೇ ಮೈಲಿ ಆಚೆ ಕಾಂಚೀಪುರದಲ್ಲಿದ್ದ, ಸಹಾಯಕ್ಕೆ ಹೋಗಲಿಲ್ಲ. ಕೊನೆಗೆ ಭಾರದ ಫಿರಂಗಿಗಳನ್ನು ದೇವಸ್ಥಾನದ ಕೊಳಕ್ಕೆ ನೂಕಿ ಮದರಾಸಿಗೆ ಓಡಿದ. ಕಾಂಚೀಪುರಕ್ಕೆ ಸೀರೆ ಕೊಳ್ಳಲು ಹೋಗುವ ನಮ್ಮ ಹೆಂಗಸರಿಗೆ ಈ ಕತೆ ಗೊತ್ತಿದ್ದರೆ ಕೊಳದ ಕಡೆ ಒಂದು ಸಲ ಬಗ್ಗಿ ನೋಡಿಯಾರು.

ಹೆಕ್ಟರನ ಮಗ ಹ್ಯೂ ಮನ್ರೋ. ಅವನನ್ನು 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿ ಹೊತ್ತೊಯ್ದಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯಲ್ಲಿ ಸಿಕ್ಕ ಮರದ ಹುಲಿ, ಕೀಲಿ ತಿರುವಿದರೆ ಗುರುಗುಡುತ್ತಾ ಬಿಳಿಯನೊಬ್ಬನ ಕತ್ತು ಕಚ್ಚುವ ಆ ಗೊಂಬೆ, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅದು ಈ ಹ್ಯೂನ ಸಾವನ್ನೇ ಆಡಿಸುತ್ತದೆ ಅನ್ನುವುದು ಬಹಳ ಜನರ ಊಹೆ. ನೂರು ವರ್ಷ ಕಳೆದ ಮೇಲೆ ಇನ್ನೊಬ್ಬ ಹ್ಯೂ ಮನ್ರೋ ಬಂದ. 1891ರಲ್ಲಿ ಆತ ಸ್ಕಾಟ್ಲೆಂಡಿನಲ್ಲಿ ಮೂರು ಸಾವಿರ ಅಡಿಗಿಂತ ಎತ್ತರದ ಶಿಖರಗಳ ಪಟ್ಟಿ ಮಾಡಿದ. ಅಂದಿನಿಂದ ಅಂಥ ಶಿಖರಕ್ಕೇ ಮನ್ರೋ ಅಂತ ಹೆಸರು. ಈಗಿನ ಲೆಕ್ಕದಲ್ಲಿ 282 ಮನ್ರೋಗಳು ಇವೆ. ಎಲ್ಲವನ್ನೂ ಹತ್ತುವುದೇ ಅಲ್ಲಿ ಕೆಲವರಿಗೆ ಜೀವನದ ಹರಕೆ. ಹೆಕ್ಟರ್ ಮತ್ತು ಹ್ಯೂ ಎರಡನ್ನೂ ಹೊತ್ತವನು 'ಸಾಕಿ' ಹೆಸರಿನಲ್ಲಿ ಕತೆ ಬರೆದ ಹೆಕ್ಟರ್ ಹ್ಯೂ ಮನ್ರೋ, ಬರ್ಮಾದಲ್ಲಿ ಹುಟ್ಟಿ 1916ರಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತವನು.

ಇವರೆಲ್ಲರಿಗಿಂತ ನನಗೆ ತಲೆನೋವಾದವನು ಜಾನ್ ಮನ್ರೋ. ನಮ್ಮ ಪಕ್ಕದ ಮನೆಯ ಮಲಯಾಳಿ ಮಾಸ್ತರು, "ನಿಮ್ಮ ಮನ್ರೋ ನಮ್ಮವನು ಸಾರ್, ಕೊಲ್ಲಂ ಹತ್ತಿರ ಮನ್ರೋ ತುರುತ್ತು ಅಂತ ದ್ವೀಪವೇ ಇದೆ" ಅಂತ ವಾದ ಹೂಡಿದರು. ಅಷ್ಟಮುಡಿ ಸರೋವರಕ್ಕೆ ಕಲ್ಲಡ ನದಿ ಸೇರುವಲ್ಲಿ ಆ ದ್ವೀಪ ಇರುವುದು ನಿಜ. ಆದರೆ ಅದು 1810ರಿಂದ 1819ರವರೆಗೆ ತಿರುವಾಂಕೂರಿನ ರೆಸಿಡೆಂಟ್ ಆಗಿದ್ದ, ಕೆಲಕಾಲ ದಿವಾನನೂ ಆಗಿದ್ದ ಜಾನನ ಹೆಸರು. ಇಬ್ಬರೂ ಮದರಾಸಿನ ಸೈನ್ಯದಿಂದಲೇ ಬಂದವರು, ಒಂದೇ ಕಾಲದವರು. ಒಬ್ಬನ ಹೆಸರಿನಲ್ಲಿ ದ್ವೀಪ, ಇನ್ನೊಬ್ಬನ ಪ್ರತಿಮೆ ದ್ವೀಪದ ಮೇಲೆ. ಮಾಸ್ತರನ್ನು ತಪ್ಪು ಅನ್ನಲು ನನಗೂ ಮನಸ್ಸಾಗಲಿಲ್ಲ.

ಈಗ ನಮ್ಮ ದೊರೆ, ಥಾಮಸ್ ಮನ್ರೋ. 1761ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ. ಅಪ್ಪನದು ಅಮೆರಿಕದ ಕೂಡ ತಂಬಾಕಿನ ವ್ಯಾಪಾರ. ಅಲ್ಲಿ ಸ್ವಾತಂತ್ರ್ಯದ ಯುದ್ಧ ಶುರುವಾಗಿ ವ್ಯಾಪಾರ ಮುಳುಗಿತು. ಹುಡುಗ ಹೊಟ್ಟೆಪಾಡಿಗೆ ಕಂಪನಿಯ ಸೈನ್ಯ ಸೇರಿ 1780ರ ಜನವರಿಯಲ್ಲಿ ಮದರಾಸಿನಲ್ಲಿ ಇಳಿದ. ಅದೇ ವರ್ಷ ಹೆಕ್ಟರನ ಸೈನ್ಯದಲ್ಲಿ ಕಾಂಚೀಪುರದಿಂದ ಓಡಿ ಬಂದವರಲ್ಲಿ ಹತ್ತೊಂಬತ್ತು ವರ್ಷದ ಈ ಥಾಮಸನೂ ಇದ್ದ. ಟಿಪ್ಪು ಸತ್ತ ಮೇಲೆ 1799ರಲ್ಲಿ ಅವನನ್ನು ಕೆನರಾ ಜಿಲ್ಲೆಗೆ ಹಾಕಿದರು. ಅಲ್ಲಿಯ ಮಳೆ ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ, ವರ್ಗ ಬೇಕು ಅಂತ ಬರೆದೂ ಬರೆದೂ ಸಾಕಾದ. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಬಳ್ಳಾರಿ, ಅನಂತಪುರ, ಕಡಪದ ಸೀಮೆಗೆ ದತ್ತ ಮಂಡಲ ಅಂತ ಹೆಸರಾಯಿತು. ಅದಕ್ಕೆ ಮನ್ರೋ ಬಂದ. ಮಳೆ ಬೇಡ ಅಂದವನಿಗೆ ನಮ್ಮ ಬಳ್ಳಾರಿ ಸಿಕ್ಕಿತು ನೋಡಿ.

ಏಳು ವರ್ಷ ಡೇರೆಯಲ್ಲೇ ಹೆಚ್ಚು ಕಾಲ ಕಳೆದು, ಹೊಲ ಹೊಲ ಅಳೆಸಿ, ನಡುವಿನ ಜಮೀನುದಾರರಿಲ್ಲದೆ ರೈತನ ಹೆಸರಿಗೇ ಪಟ್ಟಾ ಬರೆಯುವ ರೈತವಾರಿ ಪದ್ಧತಿಯನ್ನು ನಿಲ್ಲಿಸಿದ. ಆ ಕಾಲದಲ್ಲೇ ನಮ್ಮ ಸೀಮೆಯ ಜನ ಗಂಡುಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಡಲು ಶುರು ಮಾಡಿದ್ದು. 1894ರಲ್ಲಿ ಮನ್ರೋನ ಜೀವನಚರಿತ್ರೆ ಬರೆದ ಬ್ರಾಡ್‌ಷಾ ಇದನ್ನು ದಾಖಲಿಸಿದ್ದಾನೆ. ನಡುವಿನ 'ಲ' ಎಲ್ಲಿಂದ ಬಂತು? ತೆಲುಗಿನ ಮರ್ಯಾದೆಯ 'ಲು' ಮನ್ರೋಗೆ ಅಂಟಿ, ಅದರ ಬಾಲಕ್ಕೆ ನಮ್ಮ ಅಪ್ಪ ಸೇರಿಕೊಂಡ ಅನ್ನುವುದು ನನ್ನ ಊಹೆ. ಎರಡು ಭಾಷೆಯ ಸೀಮೆಯಲ್ಲಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕ್ ಇದೆ, ಕಬ್ಬನ್ ರೋಡ್ ಇದೆ. ಕಬ್ಬನಪ್ಪ ಅನ್ನುವವನೊಬ್ಬನನ್ನು ನಾನು ಕೇಳಿಲ್ಲ. ತಮಿಳರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿದ ಪೆನ್ನಿಕ್ವಿಕ್ ಹೆಸರನ್ನು ತೇನಿ ಕಡೆಯ ರೈತರು ಮಕ್ಕಳಿಗೆ ಇಟ್ಟುಕೊಂಡಿದ್ದಾರೆ. 1953ರಲ್ಲಿ ಕರುಣಾನಿಧಿ ಮಗನಿಗೆ ಸ್ಟಾಲಿನ್ ಅಂತಲೇ ಇಟ್ಟರು.

ಆದರೆ ಲೆಕ್ಕ ನೋಡಿದಾಗ ನನಗೆ ಇರುಸುಮುರುಸಾಯಿತು. ಮನ್ರೋ ಇದ್ದ ಏಳು ವರ್ಷದಲ್ಲಿ ದತ್ತ ಮಂಡಲದ ಕಂದಾಯ ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಯಿತು. ಪಾಳೇಗಾರರನ್ನು ಅವನು ಬೇರು ಸಹಿತ ಕಿತ್ತ. ಹೋಗುವ ಮುಂಚೆ 1807ರಲ್ಲಿ, ಈ ತೆರಿಗೆ ರೈತನಿಗೆ ಭಾರ, ನೂರಕ್ಕೆ ಇಪ್ಪತ್ತೈದು ಇಳಿಸಿ ಅಂತ ಮೇಲಿನವರಿಗೆ ಬರೆದ. ಅವರು ಕೇಳಲಿಲ್ಲ. 1820ರಲ್ಲಿ ತಾನೇ ಮದರಾಸಿನ ಗವರ್ನರ್ ಆಗಿ ಬಂದ ಮೇಲೆ ಅದನ್ನು ಜಾರಿ ಮಾಡಿದ. ಹದಿಮೂರು ವರ್ಷ ನಮ್ಮ ಜನ ಆ ಭಾರ ಹೊತ್ತರು. ಹೊತ್ತುಕೊಂಡೇ ಮಗುವಿಗೆ ಅವನ ಹೆಸರಿಟ್ಟರೇ? ನನಗೆ ಅನ್ನಿಸುವುದು ಹೀಗೆ: ನಿಜಾಮನ ಗುತ್ತಿಗೆದಾರ, ಪಾಳೇಗಾರ, ಲೂಟಿಯವರು, ಒಬ್ಬರಾದ ಮೇಲೆ ಒಬ್ಬರು ಬಂದು ಕಿತ್ತುಕೊಂಡು ಹೋಗುತ್ತಿದ್ದ ನಾಡಿನಲ್ಲಿ, ಇಷ್ಟೇ ಕೊಡಬೇಕು ಅಂತ ಬರೆದುಕೊಟ್ಟವನು, ಅದನ್ನು ಕಟ್ಟೆಯ ಮೇಲೆ ಕೂತು ಎದುರಿಗೇ ಹೇಳಿದವನು ದೊಡ್ಡವನಾಗಿ ಕಂಡಿರಬೇಕು. ವಿಟ್ಲದ ಹೆಗ್ಗಡೆಯ ದಂಗೆಯನ್ನು ಕನಿಕರವಿಲ್ಲದೆ ಅಡಗಿಸಿದ್ದನ್ನು ಕಂಡ ಕರಾವಳಿಯಲ್ಲಿ ಯಾರೂ ಮನ್ರೋಲಪ್ಪ ಆಗಲಿಲ್ಲ ಅನ್ನುವುದನ್ನೂ ಮರೆಯಬಾರದು. 1817-18ರಲ್ಲಿ ಪೇಶ್ವೆಯ ವಿರುದ್ಧ ಧಾರವಾಡ, ಬಾದಾಮಿ, ಬೆಳಗಾವಿಗಳನ್ನು ಗೆದ್ದವನೂ ಇವನೇ. ಅಲ್ಲೂ ಆ ಹೆಸರು ಬೇರು ಬಿಟ್ಟಂತಿಲ್ಲ.

ಮನ್ರೋಲಪ್ಪಗಳನ್ನು ಕಾಗದದಲ್ಲಿ ಹುಡುಕಲು ಒಂದು ಆಸೆ ಇತ್ತು. ಗವರ್ನರ್ ಮನ್ರೋ 1822ರಲ್ಲಿ ಪ್ರಾಂತ್ಯದ ಎಲ್ಲ ದೇಶೀ ಶಾಲೆಗಳನ್ನು ಎಣಿಸಲು ಆಜ್ಞೆ ಮಾಡಿದ. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಕಳಿಸಿದ. ಧರ್ಮಪಾಲ್ 1983ರಲ್ಲಿ ತಮ್ಮ ಪುಸ್ತಕದಲ್ಲಿ ಅದನ್ನು ಅಚ್ಚು ಹಾಕಿದ್ದಾರೆ. ಒಟ್ಟು 533 ಶಾಲೆ. ಕನ್ನಡದವು 235, ತೆಲುಗಿನವು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು, ಉಳಿದವು ಸಂಸ್ಕೃತದವು. ಓದುವವರು 6,641, ಅವರಲ್ಲಿ ಹುಡುಗಿಯರು ಬರೀ 60. ಮಕ್ಕಳನ್ನು ಜಾತಿ ಜಾತಿಯಾಗಿ ಎಣಿಸಿದ್ದಾರೆ, ಹೆಸರು ಒಂದೂ ಇಲ್ಲ. ಮರಳಿನ ಮೇಲೆ ಬೆರಳಿನಿಂದ ಓನಾಮ ತಿದ್ದುತ್ತಿದ್ದ ಆ ಹುಡುಗರಲ್ಲಿ ಎಷ್ಟು ಮನ್ರೋಲಪ್ಪಗಳಿದ್ದರೋ.

1826ರಲ್ಲಿ ಮನ್ರೋನ ಹೆಂಡತಿ ಕಾಯಿಲೆಯ ಕಿರಿಮಗನನ್ನು ಕರಕೊಂಡು ಊರಿಗೆ ಹಡಗು ಹತ್ತಿದಳು. ಹಿರಿಯವನಿಗೆ ಅಪ್ಪನ ಹೆಸರೇ, ಥಾಮಸ್ ಮನ್ರೋ. ಗವರ್ನರ್ ತನ್ನನ್ನು ಬಿಟ್ಟುಬಿಡಿ ಅಂತ ಕೇಳಿ, ಬದಲಿಯವನು ಬರಲಿ ಅಂತ ಕಾಯುತ್ತಿದ್ದ. ಆ ಬಿಡುವಿನಲ್ಲಿ, ಕೊನೆಯ ಸಲ ನೋಡಿ ಬರುತ್ತೇನೆ ಅಂತ ಹೊರಟದ್ದು ದತ್ತ ಮಂಡಲಕ್ಕೆ. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ಬಡಿದು ಒಂದೇ ದಿನದಲ್ಲಿ ತೀರಿಕೊಂಡ. ಗುತ್ತಿಯಲ್ಲಿ ಮಣ್ಣು ಮಾಡಿದರು. ಅಲ್ಲಿ ಅವನ ನೆನಪಿಗೆ ಛತ್ರ ಕಟ್ಟಿದರು. ಪತ್ತಿಕೊಂಡದಲ್ಲಿ ಬಾವಿ ತೋಡಿ, ತೋಪು ಹಾಕಿದರು. 1831ರಲ್ಲಿ ಅವನ ಅವಶೇಷವನ್ನು ಅಗೆದು ತೆಗೆದು ಮದರಾಸಿನ ಕೋಟೆಯೊಳಗಿನ ಸೇಂಟ್ ಮೇರೀಸ್ ಚರ್ಚಿಗೆ ತಂದರು.

ಪ್ರತಿಮೆ ಬಂದದ್ದು ಆಮೇಲೆ. ಲಂಡನ್ನಿನ ಫ್ರಾನ್ಸಿಸ್ ಷಾಂಟ್ರಿ ಮಾಡಿದ್ದು, 1839ರಲ್ಲಿ ನಿಲ್ಲಿಸಿದರು. ಕುದುರೆಗೆ ತಡಿ ಇಲ್ಲ, ರಿಕಾಪು ಇಲ್ಲ, ದೊರೆಯ ಕಾಲು ಗಾಳಿಯಲ್ಲಿ ತೂಗುತ್ತದೆ. ಶಿಲ್ಪಿ ಮರೆತ, ಅದು ಗೊತ್ತಾಗಿ ಆತ್ಮಹತ್ಯೆ ಮಾಡಿಕೊಂಡ ಅಂತ ಮದರಾಸಿನ ಆಟೋದವರೂ ಹೇಳುತ್ತಾರೆ. ಅದೆಲ್ಲ ಸುಳ್ಳು. ಷಾಂಟ್ರಿ ಲಂಡನ್ನಿನಲ್ಲಿ ಮಾಡಿದ ನಾಲ್ಕನೇ ಜಾರ್ಜ್ ದೊರೆಯ ಪ್ರತಿಮೆಗೂ ವೆಲಿಂಗ್ಟನ್ ಪ್ರತಿಮೆಗೂ ರಿಕಾಪು ಇಲ್ಲ. ಅವನ ಪದ್ಧತಿಯೇ ಹಾಗೆ. 1857ರ ದಂಗೆಯಲ್ಲಿ ಜನರನ್ನು ಸಿಕ್ಕಸಿಕ್ಕಲ್ಲಿ ನೇತುಹಾಕಿದ ನೀಲ್ ಅನ್ನುವವನ ಪ್ರತಿಮೆ ಮೌಂಟ್ ರೋಡಿನಲ್ಲೇ ಇತ್ತು. 1937ರಲ್ಲಿ ರಾಜಾಜಿ ಸರ್ಕಾರ ಅದನ್ನು ತೆಗೆಸಿ ಮ್ಯೂಸಿಯಮ್ಮಿಗೆ ಸಾಗಹಾಕಿತು. ಮನ್ರೋನನ್ನು ಯಾರೂ ಮುಟ್ಟಲಿಲ್ಲ.

ಬಳ್ಳಾರಿ 1953ರಲ್ಲಿ ಮೈಸೂರಿಗೆ ಬಂತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಮಂತ್ರಾಲಯ ಇರುವುದು ಆ ಕಡೆಗೇ. ಹೋದ ವರ್ಷ ಊರಿಗೆ ಫೋನು ಮಾಡಿದಾಗ ಅಕ್ಕನನ್ನು ಕೇಳಿದೆ, ನಮ್ಮ ಕಡೆ ಈಗ ಮನ್ರೋಲಪ್ಪ ಅಂತ ಯಾರಾದರೂ ಇದ್ದಾರಾ ಅಂತ. ಅಕ್ಕ ನಕ್ಕಳು. "ಈಗ ಯಾರಿಡತಾರೋ ಅಂಥಾ ಹೆಸರು? ಓಣಿಗೆ ನಾಕು ಮಂದಿ ರಾಘವೇಂದ್ರ ಅದಾರ ನೋಡು."

ಆ ವಾರವೇ ನಾನು ಕೋಟೆಗೆ ಹೋದೆ. ಪೊಲೀಸರು ಚೀಲ ತಡಕಿ ಒಳಗೆ ಬಿಟ್ಟರು. ಚರ್ಚಿನೊಳಗೆ ತಂಪಾಗಿತ್ತು, ಯಾರೂ ಇರಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ ಕೂತಿದ್ದ ಮುದುಕರು ಪುಸ್ತಕ ಮುಂದಿಟ್ಟು ಹೆಸರು, ಊರು ಬರೆಯಲು ಹೇಳಿದರು. ನಾನು ಮೂರೂ ಅಕ್ಷರ ಸೇರಿಸಿ ಉದ್ದಕ್ಕೆ ಹೆಸರು ಬರೆದು, ಊರಿನ ಜಾಗದಲ್ಲಿ ಬಳ್ಳಾರಿ ಅಂತ ಬರೆದೆ. ಅವರು ಕನ್ನಡಕ ಸರಿಮಾಡಿಕೊಂಡು ಓದಿ ಕೇಳಿದರು, "ಇದುಲ ಇನಿಷಿಯಲ್ ಎದು ಸಾರ್?"